ತೀರಿದವರ ಖಾನೆಗೆ ಹೋದ ಹೆಸರು

ಇಸೊಗಾಯಿ ಟೊಕುಜಿಯ ಲೆಕ್ಕದಲ್ಲಿ ಲೋಕದ ಮನುಷ್ಯರೆಲ್ಲ ನಾಲ್ಕೇ ಜಾತಿ. ಹೊಸವರ್ಷದ ಕಾರ್ಡು ಕಳಿಸಬೇಕಾದವರು, ಈ ವರ್ಷ ಸೂತಕದಲ್ಲಿರುವವರು, ತೀರಿಕೊಂಡವರು, ಮತ್ತು ತಾನೇ ಕತ್ತರಿಸಿ ಹಾಕಿದವರು. ಒಬ್ಬೊಬ್ಬರಿಗೂ ಒಂದೊಂದು ಫೈಲು, ನಾಲ್ಕು ಜಾತಿಗೆ ನಾಲ್ಕು ಡೈರೆಕ್ಟರಿ. ಡೈರೆಕ್ಟರಿ ಎನ್ನುವುದು ಅಂಗಡಿಯವನಾದ ಅವನ ಬಾಯಿಗೆ ಒಗ್ಗದೆ ಅವನ್ನು ಖಾನೆ ಎಂದೇ ಕರೆಯುತ್ತಿದ್ದ. ಕಳಿಸುವ ಖಾನೆ, ಸೂತಕದ ಖಾನೆ, ತೀರಿದವರ ಖಾನೆ, ಕಡಿತದ ಖಾನೆ. ಅಷ್ಟೂ ಜನ ಒಂದೇ ಫ್ಲಾಪಿಯೊಳಗೆ ಸಂಸಾರ ಮಾಡಿಕೊಂಡಿದ್ದರು. ಆ ಫ್ಲಾಪಿಯನ್ನು ಓದುತ್ತಿದ್ದುದು, ಮೂವತ್ತಾರು ವರ್ಷದ ಹಿಂದೆ ಅಂಗಡಿಯಲ್ಲಿ ಮಾರಲೆಂದು ತರಿಸಿ, ಮಾರಲು ಮನಸ್ಸು ಬಾರದೆ ಮಹಡಿಯ ಮೇಲೆ ಇಟ್ಟುಕೊಂಡ ಮನೆಬಳಕೆಯ ಕಂಪ್ಯೂಟರು.

ತಕಾವೊಕಾದ ಆ ಬೀದಿಯಲ್ಲಿ ಅವನ ವಿದ್ಯುತ್ ಸಾಮಾನಿನ ಅಂಗಡಿಯ ಷಟರು ಈಗ ಅರ್ಧಕ್ಕೆ ಮಾತ್ರ ಏಳುತ್ತದೆ. ಬಲ್ಬು, ಬ್ಯಾಟರಿ ಕೇಳಿಕೊಂಡು ಬರುವ ಮುದುಕಿಯರು ಬಗ್ಗಿ ಒಳಗೆ ಬರುತ್ತಾರೆ. ಆದರೆ ಡಿಸೆಂಬರ್ ಬಂತೆಂದರೆ ಎಪ್ಪತ್ತೊಂದರ ಟೊಕುಜಿಗೆ ಮದುವೆ ಮನೆಯ ಯಜಮಾನನ ಗತ್ತು ಬಂದುಬಿಡುತ್ತದೆ. ಯಾರನ್ನು ಎಲ್ಲಿ ಕೂರಿಸಬೇಕು ಎನ್ನುವುದೇ ಅವನ ತಲೆಬಿಸಿ. ಖಾನೆಯಲ್ಲಿ ಹೆಸರುಗಳು ಒಳಗೆ ಹಾಕಿದ ಕ್ರಮದಲ್ಲೇ ಸಾಲಾಗಿ ನಿಲ್ಲುತ್ತವೆ. ಆ ಕ್ರಮದಲ್ಲೇ ಪ್ರಿಂಟರು ವಿಳಾಸ ಹೊಡೆಯುತ್ತದೆ. ಒಬ್ಬನನ್ನು ಎರಡು ಸ್ಥಾನ ಮೇಲೇರಿಸಬೇಕೆಂದರೆ ಖಾನೆಯನ್ನು ಪೂರ್ತಿ ಖಾಲಿ ಮಾಡಿ, ನೂರಿಪ್ಪತ್ತು ಜನರನ್ನೂ ಒಬ್ಬೊಬ್ಬರಾಗಿ ಮತ್ತೆ ಒಳಗೆ ಬಿಡಬೇಕು. ಬೇರೆಯವರಿಗೆ ಅದು ಶಿಕ್ಷೆ, ಅವನಿಗೆ ಹಬ್ಬ. ಒಬ್ಬನ ಕಾರ್ಡು ಜನವರಿ ಒಂದಕ್ಕೆ ಬರುವ ಬದಲು ಮೂರಕ್ಕೆ ಬಂತೋ, ಆ ಮನುಷ್ಯ ಹತ್ತು ಸ್ಥಾನ ಕೆಳಗೆ. ಎರಡು ವರ್ಷ ಬರಲೇ ಇಲ್ಲವೋ, ಕಡಿತದ ಖಾನೆಗೆ. ತನ್ನ ಕಾರ್ಡುಗಳನ್ನಂತೂ, ಒಂದನೇ ತಾರೀಖಿಗೆ ಹಂಚಲೆಂದು ಅಂಚೆಯವರು ತೆಗೆದುಕೊಳ್ಳಲು ಶುರು ಮಾಡುವ ಡಿಸೆಂಬರ್ ಹದಿನೈದರ ಬೆಳಿಗ್ಗೆಯೇ ಪೆಟ್ಟಿಗೆಗೆ ಹಾಕಿ ಬರುತ್ತಿದ್ದ. ಇಸೊಗಾಯಿ ಟೊಕುಜಿಯ ಕಾರ್ಡು ಒಂದನೇ ತಾರೀಖು ತಪ್ಪಿಸಿದ ದಾಖಲೆಯೇ ಇರಲಿಲ್ಲ.

ಕಡಿತದ ಖಾನೆಗೆ ಹೋದವರ ಕಡೆ ತಿರುಗಿ ನೋಡುವುದು ಅವನ ಜಾಯಮಾನವಲ್ಲ. ಅಲ್ಲಿ ಅವನ ಸ್ವಂತ ತಮ್ಮನೂ ಇದ್ದ. ಹೆಸರು ಯೋಶಿತೊ, ಊರು ಕಾನಾಜಾವಾ, ರೈಲಿನಲ್ಲಿ ಮುಕ್ಕಾಲು ಗಂಟೆ. ಹದಿನೆಂಟು ವರ್ಷದ ಹಿಂದೆ, 2006ರ ನವೆಂಬರಿನಲ್ಲಿ, ಅಪ್ಪನ ವರ್ಷಾಬ್ದಿಯ ಊಟದಲ್ಲಿ ಯೋಶಿತೊ ನೆಂಟರೆದುರಿಗೆ ಸಾಕೆ ಮದ್ಯದ ಬಟ್ಟಲು ಎತ್ತಿ ಹೇಳಿದ್ದ: "ನಾನು ಸತ್ರೆ ನಮ್ಮಣ್ಣಂಗೆ ಅಳೋಕೆ ಪುರಸೊತ್ತೆಲ್ಲಿ? ನನ್ನ ಹೆಸರನ್ನ ಈ ಖಾನೆಯಿಂದ ಆ ಖಾನೆಗೆ ತಳ್ಳೋ ಕೆಲಸ ಇರುತ್ತಲ್ಲ!" ನೆಂಟರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಂತ್ರ ಹೇಳಲು ಬಂದಿದ್ದ ಗುರುಗಳೂ ನಕ್ಕರು. ಟೊಕುಜಿ ನಗಲಿಲ್ಲ. ಅಂದು ಸಂಜೆಯೇ ಯೋಶಿತೊ ಕಡಿತದ ಖಾನೆಗೆ ಹೋದ. ಮೊದಲು ಅವನು ಬಂದು ತಲೆ ಬಾಗಿಸಲಿ, ಆಮೇಲೆ ನೋಡೋಣ ಎಂದು ಟೊಕುಜಿ ಕಾದ. ಹದಿನೆಂಟು ವರ್ಷವೂ ಕಾಯುತ್ತಲೇ ಇದ್ದ, ಆದರೆ ಕಾಯುತ್ತಿದ್ದೇನೆಂದು ತನಗೆ ತಾನೇ ಒಪ್ಪಿಕೊಂಡಿರಲಿಲ್ಲ.

ಈ ಡಿಸೆಂಬರ್ ಎಂಟರ ಭಾನುವಾರ ತಿಂಡಿ ಮುಗಿಸಿ ಅವನು ಮಹಡಿ ಹತ್ತಿದ. ಯಂತ್ರದ ಮೇಲಿನ ಬಟ್ಟೆ ತೆಗೆದು ಸ್ವಿಚ್ಚು ಒತ್ತಿದ. ಒಳಗಿನ ಬ್ಯಾಟರಿ ಸೋರಿ ಸರ್ಕ್ಯೂಟ್ ಹಲಗೆಯನ್ನು ತಿಂದು ಹಾಕೀತೆಂದು ಅವನೇ ಎಂದೋ ಕಿತ್ತುಬಿಟ್ಟಿದ್ದ. ಹಾಗಾಗಿ ಆ ಯಂತ್ರಕ್ಕೆ ಇಂದು ಯಾವ ದಿನವೆಂದು ಗೊತ್ತಿರುವುದಿಲ್ಲ. ಪ್ರತಿ ಸಲವೂ ತಾರೀಖು ಕೇಳುತ್ತದೆ, ಏನು ಹೇಳಿದರೂ ನಂಬುತ್ತದೆ. ಅವನು 24, 12, 08 ಎಂದು ಒತ್ತಿದ. ಎಂದಿನ ಪದ್ಧತಿಯಂತೆ ಮೊದಲು ತೀರಿದವರ ಖಾನೆ ತೆರೆದು ಹೆಸರುಗಳನ್ನು ಮೆಲ್ಲಗೆ ಓದಿಕೊಂಡು ಹೋದ. ಮೊದಲನೆಯದು ಅಪ್ಪನದು. ಕಳೆದ ವರ್ಷ ಎಣಿಸಿದಾಗ ಮೂವತ್ತನಾಲ್ಕು ಜನರಿದ್ದರು. ಈಗ ಮೂವತ್ತೈದು.

ಕೊನೆಯ ಹೆಸರು ಯೋಶಿತೊ.

ಟೊಕುಜಿ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿ ಮತ್ತೆ ನೋಡಿದ. ಹೆಸರಿನ ಪಕ್ಕದಲ್ಲಿ ಫೈಲು ಸಾಗಿಸಿದ ದಿನ: 2006, ಡಿಸೆಂಬರ್ 2. ಖಾನೆಯಿಂದ ಖಾನೆಗೆ ಫೈಲು ಸಾಗಿಸುವ ಪ್ರೋಗ್ರಾಮನ್ನು ಅವನೇ ಬರೆದಿದ್ದ. ಸಾಗಿಸಿದ ದಿನದ ತಾರೀಖನ್ನು ಅದು ತಪ್ಪದೆ ಅಂಟಿಸುತ್ತಿತ್ತು. ಅಂದರೆ ಜಗಳವಾದ ಮುಂದಿನ ತಿಂಗಳೇ ತಮ್ಮನನ್ನು ಯಾರೋ ಸತ್ತವರ ಸಾಲಿಗೆ ತಳ್ಳಿದ್ದಾರೆ. ಯಾರೋ ಏನು, ತಾನೇ ಇರಬಹುದೇ? ಆವತ್ತಿನ ಸಿಟ್ಟು ಅಂಥದ್ದು. ಒಂದು ಕ್ಷಣ ಅವನಿಗೆ ತನ್ನ ಮೇಲೇ ಅನುಮಾನ ಬಂದು ಕಿವಿ ಬಿಸಿಯಾಯಿತು. ಆದರೆ ಈ ಖಾನೆಯನ್ನು ಪ್ರತಿ ವರ್ಷ ಓದುತ್ತೇನಲ್ಲ? ಕಳೆದ ವರ್ಷ ಈ ಹೆಸರು ಇಲ್ಲಿರಲಿಲ್ಲವಲ್ಲ?

ಹಾಗಾದರೆ ಅವನು ನಿಜವಾಗಿಯೇ... ಟೊಕುಜಿ ಕೆಳಗಿಳಿದು ಹೋಗಿ ಬಿದಿರಿನ ಬುಟ್ಟಿಯಲ್ಲಿದ್ದ ಸೂತಕದ ಕಾರ್ಡುಗಳನ್ನು ಒಂದೊಂದಾಗಿ ತಿರುವಿದ. ಮನೆಯಲ್ಲಿ ಸಾವಾದವರು, ಈ ಸಲ ನಮಗೆ ಹೊಸವರ್ಷದ ಶುಭಾಶಯ ಬೇಡ ಎಂದು ಡಿಸೆಂಬರಿಗೆ ಮೊದಲೇ ಕಳಿಸುವ ಕಾರ್ಡುಗಳು. ಈ ವರ್ಷ ಹನ್ನೊಂದು ಬಂದಿದ್ದವು. ಕಾನಾಜಾವಾದಿಂದ ಒಂದೂ ಇರಲಿಲ್ಲ. ಅವನು ಉಸಿರು ಬಿಟ್ಟ. ಉಸಿರು ಬಿಟ್ಟಕೂಡಲೇ ಸಿಟ್ಟು ಬಂತು. ಯಾರೋ ತನ್ನ ಪೆಟ್ಟಿಗೆಯಲ್ಲಿ ಕೈಯಾಡಿಸಿ ತಮಾಷೆ ನೋಡುತ್ತಿದ್ದಾರೆ. ಮತ್ತೆ ಮಹಡಿ ಹತ್ತಿ, ಯೋಶಿತೊನನ್ನು ಕಡಿತದ ಖಾನೆಗೆ ವಾಪಸು ಹಾಕಿ, ಫ್ಲಾಪಿಯ ಡಬ್ಬಿಗೆ ಅಂಟುಪಟ್ಟಿ ಸುತ್ತಿದ.

"ಯಾಕ್ರೀ, ಮುಖ ಹಾಗಿದೆ?" ಎಂದು ಅಡಿಗೆಮನೆಯಿಂದ ಹೆಂಡತಿ ಕಿನುಕೊ ಕೇಳಿದಳು.

"ಮಹಡಿ ಮೇಲೆ ಯಾರಾದ್ರೂ ಹೋಗಿದ್ರಾ?"

"ಬಟ್ಟೆ ಒಣಹಾಕೋಕೆ ನಾನು ಹೋಗ್ತೀನಿ. ಇನ್ಯಾರು ಹೋಗ್ತಾರೆ, ಪಾಪ?" ಎಂದು ಅವಳು ಗೆಡ್ಡೆ ಹೆಚ್ಚುವುದನ್ನು ಮುಂದುವರಿಸಿದಳು. ಅವಳ ಚಾಕು ಒಂದು ಗಳಿಗೆ ನಿಂತಿತ್ತೇ? ನಿಂತಂತೆ ಅನ್ನಿಸಿತು. ಅನುಮಾನ ಹೊಕ್ಕ ಮೇಲೆ ಚಾಕುವಿನ ಸದ್ದೂ ಸಾಕ್ಷಿಯಾಗಿಬಿಡುತ್ತದೆ.

ಮೂರು ದಿನ ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಗುರುವಾರ ಬೆಳಿಗ್ಗೆ ನೋಡಿದರೆ ಅಂಟುಪಟ್ಟಿ ಸುತ್ತಿದ ಹಾಗೇ ಇತ್ತು. ಆದರೆ ತಾನು ತುದಿಯನ್ನು ಎಡಕ್ಕೆ ಮಡಚಿದ್ದ, ಈಗ ತುದಿ ಬಲಕ್ಕಿತ್ತು. ತೀರಿದವರ ಖಾನೆಯಲ್ಲಿ ಮತ್ತೆ ಮೂವತ್ತೈದು ಜನ. ಯೋಶಿತೊ, 2006, ಡಿಸೆಂಬರ್ 11. ಈಗ ಸಂಶಯವೇ ಉಳಿಯಲಿಲ್ಲ. ಇದನ್ನು ಮಾಡಿದವರು ನಿನ್ನೆ ಮಾಡಿದ್ದಾರೆ. ಹಳೆಯ ತಾರೀಖು ಹಾಕಿ ತನ್ನನ್ನು ಏಮಾರಿಸುತ್ತಿದ್ದಾರೆ. ಜಗಳದ ವರ್ಷವನ್ನೇ ಹುಡುಕಿ ಹಾಕಿದ್ದಾರೆಂದರೆ ಗಾಯಕ್ಕೆ ಉಪ್ಪು ಸವರುವ ಕೆಲಸವೇ.

ಅಂಥ ಕಿಡಿಗೇಡಿತನಕ್ಕೆ ಊರಿನಲ್ಲಿ ಒಬ್ಬನೇ ಇದ್ದ. ದೊಬಾಶಿ. ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಹೊರದೇಶದ ಕಾಗದಪತ್ರ ನೋಡಿಕೊಂಡಿದ್ದು ನಿವೃತ್ತನಾದವನು, ಟೊಕುಜಿಯ ಜೊತೆ ಶೋಗಿ ಚದುರಂಗ ಆಡಲು ವಾರಕ್ಕೆ ಎರಡು ಸಲ ಬರುವವನು. ಈ ಹಳೆಯ ಯಂತ್ರ ಗೊತ್ತಿದ್ದ ಹೊರಗಿನವನು ಅವನೊಬ್ಬನೇ. ಮೇಲಾಗಿ ಈ ವರ್ಷದಿಂದ ತಾನು ಕಾರ್ಡು ಬರೆಯುವುದನ್ನೇ ಬಿಟ್ಟೆ ಎಂದು ಸಾರಿ, ಸ್ನೇಹಿತನ ಹೊಟ್ಟೆ ಉರಿಸಿದ್ದ.

ಅಂದು ಮಧ್ಯಾಹ್ನ ದೊಬಾಶಿ ಬಂದಾಗ ಟೊಕುಜಿ ಶೋಗಿ ಹಲಗೆ ತೆಗೆಯಲಿಲ್ಲ. ಮಹಡಿಗೆ ಕರೆದುಕೊಂಡು ಹೋದ.

"ಕೈ ನಡುಗ್ತಾ ಇದೆ ಕಣಯ್ಯಾ. ಸ್ವಲ್ಪ ನೀನೇ ಹಚ್ಚು."

"ಏನು ಗೌರವ! ಹೆಂಡತಿಗಿಂತ ಹೆಚ್ಚಾಗಿ ಕಾಪಾಡಿದ ಪೆಟ್ಟಿಗೆ ಮುಟ್ಟೋ ಭಾಗ್ಯ ನಂಗೆ," ಎಂದು ನಗುತ್ತಾ ದೊಬಾಶಿ ಸ್ವಿಚ್ಚು ಒತ್ತಿದ. ಯಂತ್ರ ತಾರೀಖು ಕೇಳಿತು. ಅವನು ಯೋಚಿಸದೆ 24, 12, 12 ಎಂದು ಒತ್ತಿದ.

"ಇಪ್ಪತ್ನಾಲ್ಕು ಅಂತ ಹಾಕಿದ್ಯಲ್ಲ," ಎಂದ ಟೊಕುಜಿ, ಅವನ ಮುಖವನ್ನೇ ನೋಡುತ್ತಾ.

"ಮತ್ತಿನ್ನೇನು ಹಾಕ್ಲಿ? ನಿನ್ನ ಪೆಟ್ಟಿಗೇಲಿ ಬೇರೆ ವರ್ಷ ನಡೀತಿದ್ಯಾ? ಏನಯ್ಯಾ, ಕಳ್ಳನ್ನ ನೋಡಿದ ಹಾಗೆ ನೋಡ್ತೀಯಲ್ಲ. ನನ್ನನ್ನ ಕಡಿತದ ಖಾನೆಗೆ ಹಾಕ್ಬೇಕಿದ್ರೆ ಹಾಕು ಮಾರಾಯ, ಇಷ್ಟೆಲ್ಲ ಯಾಕೆ?"

"ಹಾಕೇ ಆಗಿದೆ," ಎಂದ ಟೊಕುಜಿ. ಇನ್ನೂ ಹಾಕಿರಲಿಲ್ಲ. ದೊಬಾಶಿಯ ಮುಖದಲ್ಲಿ ಕಳ್ಳತನದ ಗೆರೆಯೂ ಇರಲಿಲ್ಲ. ಆಮೇಲೆ ಕೆಳಗಿಳಿದು ಆಡಿದ ಮೂರೂ ಆಟದಲ್ಲಿ ಟೊಕುಜಿ ಸೋತ. ದೊಬಾಶಿ ಚಹಾ ಕುಡಿದು, "ಡಾಕ್ಟರ್ ಹತ್ರ ಹೋಗಿ ಬಾ," ಎಂದು ಬುದ್ಧಿ ಹೇಳಿ ಹೋದ.

ಅವನು ಹೋದ ಮೇಲೆ ಟೊಕುಜಿ ನೀರು ಕುಡಿಯಲು ಅಡಿಗೆಮನೆಗೆ ಬಂದ. ಕಿನುಕೊ ಮಾರುಕಟ್ಟೆಗೆ ಹೋಗಿದ್ದಳು. ತಣ್ಣಗಿನ ಮೂಲೆಯಲ್ಲಿ ಗೆಡ್ಡೆಯ ಬಿಲ್ಲೆಗಳ ನಡುವೆ ಬುರಿ ಮೀನಿನ ಹೋಳಿಟ್ಟು ಹುಳಿ ಬರಲು ಇಟ್ಟ ಜಾಡಿ ಕೂತಿತ್ತು. ಮುಚ್ಚಳದ ಮೇಲೆ ಅವಳ ಅಚ್ಚುಕಟ್ಟಾದ ಅಕ್ಷರದಲ್ಲಿ ಚೀಟಿ: 6, 12, 8.

ಲೋಟ ಅವನ ಕೈಯಲ್ಲೇ ಉಳಿಯಿತು.

ಕಿನುಕೊ ಮೂವತ್ತು ವರ್ಷ ಪುರಸಭೆಯ ಕಿಟಕಿಯ ಹಿಂದೆ ಕೂತು ಜನನ ಮರಣ ಬರೆದವಳು. ಸರ್ಕಾರಿ ಕಾಗದದಲ್ಲಿ ವರ್ಷವನ್ನು ಎಣಿಸುವುದು ಚಕ್ರವರ್ತಿ ಪಟ್ಟಕ್ಕೆ ಬಂದಲ್ಲಿಂದ. ಹೊಸ ಚಕ್ರವರ್ತಿ ಬಂದರೆ ಎಣಿಕೆ ಮತ್ತೆ ಒಂದರಿಂದ. ಆ ಲೆಕ್ಕದಲ್ಲಿ ಇದು ಆರನೇ ವರ್ಷ. ಔಷಧದ ಡಬ್ಬಿಯಿಂದ ಉಪ್ಪಿನಕಾಯಿ ಜಾಡಿಯವರೆಗೆ ಅವಳು ಬರೆಯುವುದು ಆ ವರ್ಷವನ್ನೇ. ಯಂತ್ರ ಕೇಳಿದಾಗಲೂ ಅದನ್ನೇ ಹೇಳಿದ್ದಾಳೆ. ಪೆದ್ದ ಯಂತ್ರ ಆರನ್ನು 2006 ಎಂದು ಬರೆದುಕೊಂಡಿದೆ. ಹಳೆಯ ತಾರೀಖು ಹಾಕಿ ಯಾರೂ ಅವನನ್ನು ಏಮಾರಿಸಿರಲಿಲ್ಲ. ಅಂಗಡಿ ಜೋರಾಗಿದ್ದ ಕಾಲದಲ್ಲಿ ಗಿರಾಕಿಗಳ ಪಟ್ಟಿ ನೋಡಿಕೊಳ್ಳಲೆಂದು ಆ ಪ್ರೋಗ್ರಾಮನ್ನು ಅವಳಿಗೆ ಕಲಿಸಿಕೊಟ್ಟವನು ಅವನೇ.

ಅವನು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದ. ಪ್ರತಿ ಡಿಸೆಂಬರಿನ ಮೊದಲ ವಾರ ಆ ಫ್ಲಾಪಿಯ ನಕಲು ತೆಗೆದು, ಮೇಲೆ ಇಸವಿ ಬರೆದು ಡಬ್ಬಿಯಲ್ಲಿಡುವುದು ಅವನ ಪದ್ಧತಿ. 2007ರ ನಕಲನ್ನು ತೂರಿಸಿ, ಹದಿನೆಂಟು ವರ್ಷದಲ್ಲಿ ಒಮ್ಮೆಯೂ ನೋಡದ ಕಡಿತದ ಖಾನೆ ತೆರೆದ. ಯೋಶಿತೊ ಅಲ್ಲೇ ಇದ್ದ. ಪಕ್ಕದಲ್ಲಿ ತಾರೀಖು: 2018, ಡಿಸೆಂಬರ್ 27. 2007ರಲ್ಲಿ ಎತ್ತಿಟ್ಟ ಫ್ಲಾಪಿಯಲ್ಲಿ ಹನ್ನೊಂದು ವರ್ಷ ಮುಂದಿನ ದಿನ! ಹಿಂದಿನ ಚಕ್ರವರ್ತಿಯ ಹದಿನೆಂಟನೇ ವರ್ಷವೆಂದರೆ 2006. 2008ರ ಫ್ಲಾಪಿಯಲ್ಲಿ 2019, ಡಿಸೆಂಬರ್ 27. ಅದರ ಮುಂದಿನದರಲ್ಲಿ 2020, ಡಿಸೆಂಬರ್ 28. ಹಾಗೇ ವರ್ಷಕ್ಕೊಂದು ಹೆಜ್ಜೆ ಇಡುತ್ತಾ 2030ರವರೆಗೆ ಹೋಗಿ, ಚಕ್ರವರ್ತಿ ಬದಲಾದ ಕೂಡಲೇ ಧೊಪ್ಪನೆ 2001ಕ್ಕೆ ಬಿದ್ದಿತ್ತು. ತಾನು ಕಾರ್ಡುಗಳನ್ನೆಲ್ಲ ಹಾಕಿ ಬಂದು, ಯಂತ್ರಕ್ಕೆ ಬಟ್ಟೆ ಹೊದಿಸಿ, ನಿಶ್ಚಿಂತೆಯಾಗಿ ಬಿಸಿನೀರ ಸ್ನಾನಕ್ಕೆ ಹೋಗುವ ದಿನಗಳವು. ಒಂದು ವರ್ಷವೂ ಬಿಡದೆ ಅವಳು ವಿಳಾಸ ಹೊಡೆಸಲು ಆ ಫೈಲನ್ನು ಹೊರಗೆ ತೆಗೆದಿದ್ದಾಳೆ, ಮತ್ತೆ ಒಳಗೆ ಇಟ್ಟಿದ್ದಾಳೆ.

ಮತ್ತೆ ನೆನಪುಗಳು ಒಂದರ ಹಿಂದೊಂದು ಬಂದವು. ಜನವರಿಯ ಮೊದಲ ವಾರವಿಡೀ ಅಂಚೆ ಪೆಟ್ಟಿಗೆಗೆ ಅವನಿಗಿಂತ ಮೊದಲು ಓಡುವವಳು ಅವಳೇ. ಕೊಂಡಿಟ್ಟ ಖಾಲಿ ಕಾರ್ಡು ಲೆಕ್ಕಕ್ಕಿಂತ ಒಂದೆರಡು ಕಡಿಮೆಯಾದರೆ, "ಬರೆಯುವಾಗ ಹಾಳಾಯ್ತು," ಎನ್ನುವವಳು ಅವಳೇ. ಹದಿನೆಂಟು ವರ್ಷ ಒಂದೇ ಸೂರಿನಡಿ ಇದ್ದು ತನ್ನ ಬೆನ್ನ ಹಿಂದೆ! ಟೊಕುಜಿಯ ಮೈ ಬೆಂಕಿಯಾಯಿತು. ಅವಳ ಚಪ್ಪಲಿಯ ಸದ್ದು ಬಾಗಿಲಲ್ಲಿ ಕೇಳುವವರೆಗೂ ಅವನು ಅಡಿಯಲ್ಲಿ ಶಾಖವಿರುವ ಕೊಟಾಟ್ಸು ಮೇಜಿನ ಕೆಳಗೆ ಕಾಲು ಚಾಚದೆ, ಮೇಲೆ ಕೈಯಿಡದೆ, ನೆಟ್ಟಗೆ ಕೂತಿದ್ದ.

"ಕೂತ್ಕೋ," ಎಂದ. "ನನ್ನ ತಮ್ಮನಿಗೆ ನೀನು ಏನೇನು ಬರೀತಿದ್ದೆ?"

ಕಿನುಕೊ ಚೀಲ ಕೆಳಗಿಟ್ಟಳು. ಹೆದರುತ್ತಾಳೆ ಎಂದುಕೊಂಡಿದ್ದ. ಅವಳು ಹೆದರಲಿಲ್ಲ, ದಣಿದವಳ ಹಾಗೆ ಎದುರಿಗೆ ಕೂತಳು.

"ನಾನು ಬರೀತಿರ್ಲಿಲ್ಲ. ನೀವು ಬರೀತಿದ್ರಿ. ನಿಮ್ಮ ಹೆಸರಲ್ಲಿ, ನಿಮ್ಮ ಪ್ರಿಂಟರಿನಲ್ಲಿ."

"ಯಾರನ್ನ ಕೇಳಿ?"

"ಯಾರನ್ನೂ ಕೇಳ್ಲಿಲ್ಲ. ಒಂದು ನಗೆಮಾತಿಗೆ ಒಡಹುಟ್ಟಿದವನನ್ನ ಕತ್ತರಿಸೋವಾಗ ನೀವು ಯಾರನ್ನ ಕೇಳಿದ್ರಿ?"

"ಅದಿರ್ಲಿ. ಬದುಕಿರೋನನ್ನ ಸತ್ತವರ ಜೊತೆ ಯಾಕೆ ಇಟ್ಟೆ? ಅದೂ ಎರಡೆರಡು ಸಲ? ಅದು ಯಾವ ಸೇಡು?"

ಕಿನುಕೊ ಅವನ ಮುಖವನ್ನೇ ನೋಡಿದಳು. ಅವಳ ಕಣ್ಣು ತುಂಬಿದ್ದನ್ನು ಕಂಡು ಟೊಕುಜಿಗೆ ಆ ಪ್ರಶ್ನೆಯನ್ನು ವಾಪಸು ತೆಗೆದುಕೊಳ್ಳಬೇಕೆನ್ನಿಸಿತು. ಅವಳು ಎದ್ದು ಹೋಗಿ, ದೇವರ ಗೂಡಿನಲ್ಲಿ ಅಪ್ಪನ ಹೆಸರಿನ ಹಲಗೆಯ ಕೆಳಗಿದ್ದ ಸೆಳೆಖಾನೆ ಎಳೆದು, ಬೂದು ಅಂಚಿನ ಕಾರ್ಡೊಂದನ್ನು ತಂದು ಮೇಜಿನ ಮೇಲಿಟ್ಟಳು. ಯೋಶಿತೊನ ಹೆಂಡತಿ ಹಿಸಾಯೊಳ ಕಾರ್ಡು. ಪತಿ ಯೋಶಿತೊ ಅಕ್ಟೋಬರ್ ಹತ್ತೊಂಬತ್ತರಂದು ಅರವತ್ತಾರನೆಯ ವಯಸ್ಸಿನಲ್ಲಿ ತೀರಿಕೊಂಡರು, ಅವರ ಇಚ್ಛೆಯಂತೆ ಮನೆಯೊಳಗಿನವರಷ್ಟೇ ಸೇರಿ ಕಳಿಸಿಕೊಟ್ಟೆವು, ಈ ಸಲ ಹೊಸವರ್ಷದ ಶುಭಾಶಯ ಬೇಡ.

ಹನ್ನೆರಡನೆಯ ಸೂತಕದ ಕಾರ್ಡು ಬುಟ್ಟಿಗೆ ಬಿದ್ದೇ ಇರಲಿಲ್ಲ.

"ನವೆಂಬರ್ ಕೊನೇಲಿ ಬಂತು," ಎಂದಳು ಕಿನುಕೊ. "ಬಾಯಲ್ಲಿ ಹೇಳೋಕೆ ಆಗ್ಲಿಲ್ಲ ಕಣ್ರೀ. ಹೇಳಿದ್ರೆ ಅಷ್ಟೂ ವರ್ಷದ್ದು ಹೇಳ್ಬೇಕಲ್ಲ. ಆ ಖಾನೆ ನೀವು ಓದೇ ಓದ್ತೀರಿ ಅಂತ ಗೊತ್ತಿತ್ತು. ಓದಿ ನೀವಾಗೇ ಕೇಳ್ತೀರಿ ಅಂದ್ಕೊಂಡೆ. ನೀವು ಕೇಳ್ಲಿಲ್ಲ. ಅವರನ್ನ ತೆಗೆದು ಮತ್ತೆ ಕಡಿತದಲ್ಲೇ ಹಾಕಿದ್ರಿ. ಸತ್ತ ಮೇಲೂ."

ಟೊಕುಜಿಗೆ ನೆಂಟರೆದುರು ಬಟ್ಟಲೆತ್ತಿದ ತಮ್ಮನ ಮುಖ ಕಣ್ಣೆದುರು ಬಂತು. ಈ ಖಾನೆಯಿಂದ ಆ ಖಾನೆಗೆ ತಳ್ಳೋ ಕೆಲಸ. ಆ ಕೆಲಸವನ್ನೂ ತಾನು ನೆಟ್ಟಗೆ ಮಾಡಲಿಲ್ಲ. ಬೂದು ಅಂಚಿನ ಕಾರ್ಡನ್ನು ತನ್ನ ಕಡೆ ಎಳೆದುಕೊಂಡು ಕೇಳಿದ:

"ಕೊನೇ ಸಲ... ನಾನೇನು ಬರೆದಿದ್ದೆ?"

"ಚೆರ್ರಿ ಹೂ ಬಿಡೋ ಹೊತ್ತಿಗೆ ಬಂದು ಹೋಗು, ಅಪ್ಪನ ಮುಂದೆ ಕೂತು ಒಂದು ಬಟ್ಟಲು ಕುಡಿಯೋಣ ಅಂತ."

"ಅವನೇನಂದ?"

ಅವಳು ಸೆಳೆಖಾನೆಯಿಂದ ಒಂದು ಕಟ್ಟು ತಂದಳು. ಹದಿನೆಂಟು ಕಾರ್ಡುಗಳು, ಎಲ್ಲವೂ ಇಸೊಗಾಯಿ ಟೊಕುಜಿಯ ಹೆಸರಿಗೇ. ಮೇಲಿನದನ್ನು ತೆಗೆದು ಕೊಟ್ಟಳು. ತಮ್ಮನ ಅಕ್ಷರ ಮೊದಲಿನ ಹಾಗೇ ಬಲಕ್ಕೆ ವಾಲಿತ್ತು.

"ಅಣ್ಣಾ, ನಿನ್ನ ಕಾರ್ಡು ಯಾವತ್ತೂ ಒಂದನೇ ತಾರೀಖು ತಪ್ಪಿಸಿದ್ದಿಲ್ಲ. ಹದಿನೆಂಟು ವರ್ಷದಿಂದ ನನಗೆ ಬರೋ ಕಾರ್ಡು ಮಾತ್ರ ಮೂರಕ್ಕೋ ನಾಲ್ಕಕ್ಕೋ ಬರ್ತಾ ಇದೆ. ಅತ್ತಿಗೆಗೆ ನನ್ನ ನಮಸ್ಕಾರ ಹೇಳು. ನಿನ್ನದು ಒಂದು ಸಲ ಒಂದನೇ ತಾರೀಖಿಗೆ ಬರಲಿ, ಆವತ್ತೇ ಹೊರಟು ಬರ್ತೀನಿ."

ಟೊಕುಜಿ ಅದನ್ನು ಮೂರು ಸಲ ಓದಿದ. ಆಮೇಲೆ ಮೇಜಿನ ಅಂಚು ಹಿಡಿದು ಎದ್ದು, ಕಾರ್ಡನ್ನು ಕೈಯಲ್ಲೇ ಹಿಡಿದುಕೊಂಡು ಮಹಡಿ ಹತ್ತಿದ. ಕಿನುಕೊ ಹಿಂದೆಯೇ ಹೋದಳು. ಅವನು ಈ ವರ್ಷದ ಫ್ಲಾಪಿ ತೂರಿಸಿ, ಯೋಶಿತೊನ ಫೈಲನ್ನು ಕಳಿಸುವ ಖಾನೆಗೆ ತಂದು, ಪ್ರಿಂಟರಿಗೆ ಖಾಲಿ ಕಾರ್ಡೊಂದನ್ನು ಸಿಕ್ಕಿಸಿದ.

"ಏನ್ರೀ ಇದು! ಸೂತಕದ ಮನೆಗೆ ಯಾರಾದ್ರೂ ಹೊಸವರ್ಷದ ಕಾರ್ಡು ಕಳಿಸ್ತಾರಾ?"

"ಅಂಚೆಗೆ ಹಾಕೋದಿಲ್ಲ. ಒಂದನೇ ತಾರೀಖು ಬೆಳಿಗ್ಗೆ ಮೊದಲನೇ ರೈಲಿಗೆ ನಾನೇ ತಗೊಂಡು ಹೋಗ್ತೀನಿ. ಹಿಸಾಯೊ ಬಾಗಿಲು ತೆಗೆದ್ರೆ ದೇವರ ಗೂಡಲ್ಲಿ ಅವನ ಮುಂದೆ ಇಡ್ತೀನಿ. ತೆಗೀದಿದ್ರೆ ಪೆಟ್ಟಿಗೇಲಿ ಹಾಕಿ ಬರ್ತೀನಿ."

ಪ್ರಿಂಟರು ಕರಕರ ಎಂದು ವಿಳಾಸ ಹೊಡೆಯಿತು. ಅವನು ಕಾರ್ಡನ್ನು ತಿರುಗಿಸಿ ಸಿಕ್ಕಿಸಿದ. ಪರದೆಯ ಮೇಲೆ ಬರೆಯುವ ಜಾಗ ಖಾಲಿಯಾಗಿ ಮಿನುಗುತ್ತಿತ್ತು. ಬೆರಳು ಕೀಲಿಗಳ ಮೇಲೆ ಹಾಗೇ ನಿಂತಿತು.

"ಏನು ಬರೀಲಿ, ಕಿನುಕೊ?" ಎಂದ. "ಇಷ್ಟು ವರ್ಷ ನೀನು ಏನಂತ ಶುರು ಮಾಡ್ತಿದ್ದೆ?"

ಕಿನುಕೊ ಅವನ ಹೆಗಲ ಮೇಲೆ ಒಂದು ಸಲ ಕೈಯಿಟ್ಟಳು.

"ಹದಿನೆಂಟು ನಾನು ಬರೆದಿದ್ದೀನಿ," ಎಂದಳು. "ಇದೊಂದು ನೀವೇ ಬರೀರಿ."

ಮತ್ತೆ ಅವಳು ಒಲೆಯ ಮೇಲೆ ನೀರಿಡಲು ಕೆಳಗಿಳಿದು ಹೋದಳು.